ಅಕ್ಕನ ಉಲ್ಟಾ ಗೇರು

ನಮ್ಮ ಭಾವನನ್ನು ಊರೆಲ್ಲ ಗೇರ್ ಡಾಕ್ಟ್ರು ಅನ್ನುತ್ತಾರೆ. ಬೇಡ ಎನ್ನಲು ನಾನ್ಯಾರು? ಎಂಥ ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸಾದರೂ ಸರಿ, ಭಾವ ಅದನ್ನು ಇಳಿಸಿ, ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಕಾರಿಗೆ ಏರಿಸಿದರೆಂದರೆ ಅದು ಬಾಯಿ ಮುಚ್ಚಿಕೊಂಡು ಓಡುತ್ತದೆ. ಅವರ ಕೈಗುಣದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಾಯಿಲೆ ಏನೆಂದು ಮೊದಲು ಹೇಳುತ್ತಿದ್ದವಳು ನಮ್ಮ ಅಕ್ಕ. ಅದನ್ನು ಯಾರೂ ಹೇಳುವುದಿಲ್ಲ, ಭಾವನಂತೂ ಬಾಯೇ ಬಿಡುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ನಾನು ಅವರ ಶೆಡ್ಡಿನ ಪಕ್ಕದ ಶೆಡ್ಡಿನಲ್ಲಿ ಕಾರು, ಬಸ್ಸುಗಳ ಸೀಟು ಹೊಲಿಯುವವನು. ನನಗೆ ಸೂಜಿ ಎಂದು ಹೆಸರು. ಕಸುಬಿನಿಂದ ಬಂತೋ ನಾಲಗೆಯಿಂದ ಬಂತೋ ಗೊತ್ತಿಲ್ಲ, ಎರಡಕ್ಕೂ ಒಪ್ಪುತ್ತದೆ. ಭಾವನ ಶೆಡ್ಡಿಗೂ ನನ್ನದಕ್ಕೂ ನಡುವೆ ಬಿಡಿಭಾಗಗಳ ಸಣ್ಣ ಅಂಗಡಿ, ಅದರ ಮೇಲೆ ಅವರ ಮನೆ. ಮೆಟ್ಟಿಲು ಹತ್ತುವಾಗಲೇ ಸುಟ್ಟ ಗೇರ್ ಆಯಿಲಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಒಗೆದು ಒಣಗಿಸಿದ ಬಟ್ಟೆಯಲ್ಲೂ ಅದೇ, ದಿಂಬಿನ ಚೀಲದಲ್ಲೂ ಅದೇ. ಅಕ್ಕನಿಗೆ ಆ ವಾಸನೆ ಅಭ್ಯಾಸವಾಗಿ ಎಷ್ಟೋ ಕಾಲವಾಯಿತು.

ಅಕ್ಕ ಕುಳ್ಳಿ. ಚಿಕ್ಕಂದಿನಲ್ಲಿ ಅಪ್ಪ ಲಾರಿ ಓಡಿಸುವಾಗ ಇವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ನಾನೂ ಹೋಗುತ್ತಿದ್ದೆ, ಆದರೆ ಲಾರಿ ಹೊರಟ ಸ್ವಲ್ಪ ಹೊತ್ತಿಗೇ ಗೊರಕೆ ಹೊಡೆಯುತ್ತಿದ್ದೆ. ಅಕ್ಕ ಮಾತ್ರ ಕಣ್ಣು ಮಿಟುಕಿಸದೆ ಅಪ್ಪನ ಕೈಯನ್ನೂ ಕಾಲನ್ನೂ ನೋಡುತ್ತಾ ಕೂರುತ್ತಿದ್ದಳು. ಕಾಲು ಪೆಡಲಿಗೆ ಎಟಕುವ ಕಾಲಕ್ಕೆ ಅವಳಿಗೆ ಕಲಿಸಲು ಏನೂ ಉಳಿದಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಹೆಮ್ಮೆಯಿಂದ ಹೇಳುತ್ತಿದ್ದರೋ ಚಿಂತೆಯಿಂದಲೋ, ಆಗ ನನಗೆ ತಿಳಿಯುತ್ತಿರಲಿಲ್ಲ.

ಮದುವೆಯಾದ ಹೊಸತು. ಭಾವ ಇನ್ನೂ ಬೇರೆಯವರ ಶೆಡ್ಡಿನಲ್ಲಿ ಕೈಯಾಳು. ಒಂದು ದಿನ ಯಾವುದೋ ಗಿರಾಕಿಯ ಕಾರನ್ನು ರಿಪೇರಿ ಮುಗಿಸಿ, ಹೆಂಡತಿಗೆ ಒಂದು ಸುತ್ತು ಹಾಕಿಸೋಣವೆಂದು ಮನೆ ಹತ್ತಿರ ತಂದರು. ಹೊಸ ಗಂಡ, ಜಂಬ ತೋರಿಸಬೇಕಲ್ಲ. ಬೀದಿಯ ಕೊನೆ ಮುಟ್ಟುವುದರೊಳಗೆ ಅಕ್ಕ, "ಇದು ಎರಡರಿಂದ ಮೂರಕ್ಕೆ ಹೋಗುವಾಗ ಗುಟುಕು ಹಾಕ್ತಿದೆ" ಅಂದಳು.

"ಏನು ಹಾಕ್ತಿದೆ?"

"ಗುಟುಕು. ನೀರು ನುಂಗಿದ ಹಾಗೆ. ಒಂದು ಕ್ಷಣ ಏನೂ ಇಲ್ಲ, ಆಮೇಲೆ ಹಿಡ್ಕೊಳುತ್ತೆ."

ಭಾವ ನಕ್ಕರು. ಶೆಡ್ಡಿಗೆ ಹೋಗಿ ಮತ್ತೆ ಬಿಚ್ಚಿ ನೋಡಿದರೆ ಮೂರನೆಯ ಗೇರಿನ ಕ್ಲಚ್ ಪ್ಲೇಟುಗಳು ಕರಕಲಾಗಿದ್ದವು. ಅಂದಿನಿಂದ ಭಾವ ಮುಟ್ಟಿದ ಪ್ರತಿ ಕಾರನ್ನೂ ಅಕ್ಕ ಒಂದು ಸುತ್ತು ಓಡಿಸಿ ಬರುವುದು ರೂಢಿಯಾಯಿತು. ಗೇರು ಬೀಳುವಾಗ ಬೆನ್ನಿಗೆ ಗುದ್ದಿದ ಹಾಗಾದರೆ ಅದು ಅವಳ ಲೆಕ್ಕದಲ್ಲಿ ಮೊಣಕೈ. ಗೇರಿಗೆ ಹಾಕಿದ ಮೇಲೂ ಕಾರು ತಡವರಿಸಿ ಹೊರಟರೆ ಆಕಳಿಕೆ. ಇವತ್ತು ನಮ್ಮ ಬೀದಿಯ ಯಾವ ಶೆಡ್ಡಿಗೆ ಹೋದರೂ ಮೆಕ್ಯಾನಿಕ್‌ಗಳು ಗುಟುಕು, ಮೊಣಕೈ, ಆಕಳಿಕೆ ಎಂದೇ ಮಾತಾಡುತ್ತಾರೆ. ಕೇಳಿದರೆ, "ಅದು ಗೇರ್ ಡಾಕ್ಟ್ರ ಭಾಷೆ" ಅನ್ನುತ್ತಾರೆ.

ಇನ್ನು ಅವರ ಸ್ವಂತ ಕಾರಿನ ವಿಷಯಕ್ಕೆ ಬರುತ್ತೇನೆ. ಎರಡೇ ಬಾಗಿಲಿನ, ಉದ್ದ ಮೂತಿಯ, ಕಡು ಹಸಿರು ಬಣ್ಣದ ವಿದೇಶಿ ಕಾರು. ಗುಜರಿಗೆ ಹೋಗುತ್ತಿದ್ದುದನ್ನು ಗಂಡಹೆಂಡಿರು ತಡೆದು ತಂದು ಎಬ್ಬಿಸಿದರು. ಊರಾಚೆಯ ಗುಡ್ಡದ ರಸ್ತೆಯಲ್ಲಿ ಮೋಟಾರ್ ಕ್ಲಬ್ಬಿನವರು ವರ್ಷಕ್ಕೊಮ್ಮೆ ಓಟ ಇಡುತ್ತಿದ್ದರು. ಬುಡದಿಂದ ತುದಿಗೆ ಯಾರು ಬೇಗ ಏರುತ್ತಾರೋ ಅವರು ಗೆದ್ದಂತೆ. ಅಕ್ಕನಿಗೆ ಅದರಲ್ಲಿ ಓಡಿಸಬೇಕೆಂದು ಆಸೆ. ಭಾವನಿಗೂ ಆಗ ಅವಳ ಆಸೆಯೇ ತನ್ನ ಆಸೆ. ಅದನ್ನು ನಾನು ಸುಳ್ಳು ಎನ್ನುವುದಿಲ್ಲ, ಕಣ್ಣಾರೆ ಕಂಡಿದ್ದೇನೆ.

ತೊಂದರೆ ಇದ್ದದ್ದು ಗೇರಿನ ಕೋಲಿನಲ್ಲಿ. ಆ ಕಾರಿನಲ್ಲಿ ಕೋಲನ್ನು ಪೂರ್ತಿ ಹಿಂದಕ್ಕೆ ಎಳೆದರೆ ಒಂದನೆಯ ಗೇರು. ಮುಂದಕ್ಕೆ ತಳ್ಳಿದರೆ ಎರಡು, ಇನ್ನೂ ತಳ್ಳಿದರೆ ಡಿ, ಅಂದರೆ ಮೂರರವರೆಗೂ ತಾನಾಗಿಯೇ ಹೋಗುವ ಜಾಗ. ಅದಕ್ಕಿಂತ ಒಂದು ಕೂದಲೆಳೆ ಹೆಚ್ಚು ತಳ್ಳಿದರೆ ನ್ಯೂಟ್ರಲ್. ಕುಳ್ಳಿಯಾದ ಅಕ್ಕ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು ಕೂರುವವಳು, ಕೋಲು ಅವಳ ಮೊಣಕೈಯ ಹತ್ತಿರ ಬರುತ್ತಿತ್ತು. ಮೊದಲ ವರ್ಷದ ಓಟದಲ್ಲಿ ಮೂರನೆಯದಕ್ಕೆಂದು ಜೋರಾಗಿ ತಳ್ಳಿದ್ದಾಳೆ, ಅದು ಹಾರಿ ನ್ಯೂಟ್ರಲಿಗೆ ಬಿದ್ದಿದೆ. ಇಂಜಿನ್ ಕಿರುಚಿಕೊಂಡಿತೇ ವಿನಾ ಕಾರು ಮುಂದೆ ಹೋಗಲಿಲ್ಲ. ಗುಡ್ಡದ ಮೇಲೆ ನಿಂತಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅಕ್ಕ ಲಟ್ಟಣಿಗೆಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡು ಕೂತಿದ್ದಳು. "ತಳ್ಳೋದು ಬೇಡ್ರೀ. ಹೆಚ್ಚಿನ ಗೇರು ಬೇಕು ಅಂದಾಗ ನನ್ನ ಕಡೆಗೆ ಎಳ್ಕೊಳೋ ಹಾಗೆ ಮಾಡಿ. ಎಳ್ಕೊಳೋದಾದ್ರೆ ಎಷ್ಟು ಜೋರಾಗಿ ಎಳೆದ್ರೂ ತಪ್ಪೋದಿಲ್ಲ, ಕೊನೆಗೆ ಹೋಗಿ ನಿಲ್ಲುತ್ತೆ."

ಭಾವ ಲಟ್ಟಣಿಗೆಯನ್ನು ತಾವೂ ಹಿಡಿದು ಹಿಂದೆ ಮುಂದೆ ಎಳೆದು ನೋಡಿದರು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಹೊಟ್ಟೆಯೊಳಗೆ ಒಂದು ಅಲ್ಯೂಮಿನಿಯಂ ಗಟ್ಟಿ ಇರುತ್ತದೆ, ವಾಲ್ವ್ ಬಾಡಿ ಎಂದು ಅದರ ಹೆಸರು. ಅದರ ತುಂಬ ಗೆದ್ದಲು ಕೊರೆದಂಥ ಸಣ್ಣ ಸಣ್ಣ ಕಾಲುವೆಗಳು. ಆಯಿಲು ಯಾವ ಕಾಲುವೆಯಲ್ಲಿ ಹೋಗುತ್ತದೆ ಎಂಬುದರ ಮೇಲೆ ಯಾವ ಗೇರು ಬೀಳಬೇಕೆಂಬ ತೀರ್ಮಾನ. ಭಾವ ಆ ಚಳಿಗಾಲವೆಲ್ಲ ಅದರ ಮೇಲೇ ಕೂತರು. ಕೆಲವು ಕಾಲುವೆ ಮುಚ್ಚಿದರು, ಕೆಲವು ಹೊಸದಾಗಿ ಕೊರೆದರು, ಸ್ಪ್ರಿಂಗು ಬದಲಾಯಿಸಿದರು, ಒಂದು ಗಟ್ಟಿಯನ್ನು ಹಾಳು ಮಾಡಿ ಇನ್ನೊಂದನ್ನು ಹುಡುಕಿ ತಂದರು. ಕೊನೆಗೆ ಆಯಿತು. ನ್ಯೂಟ್ರಲ್ಲಿನ ಪಕ್ಕದಲ್ಲೇ ಒಂದು, ಎಳೆದುಕೊಂಡರೆ ಎರಡು, ಪೂರ್ತಿ ಎಳೆದುಕೊಂಡರೆ ಮೂರು. ತಾನಾಗಿ ಯಾವ ಗೇರೂ ಬೀಳುವುದಿಲ್ಲ, ಎಲ್ಲ ಅಕ್ಕನ ಕೈಯ ಮಾತು. ಹೊರಗೆ ನೋಡಿದರೆ ಏನೂ ಬದಲಾಗಿಲ್ಲ: ಅದೇ ಕೋಲು, ಕೋಲಿನ ಪಕ್ಕದ ಪಟ್ಟಿಯ ಮೇಲೆ ಕಂಪನಿಯವರು ಕೊಟ್ಟ ಅದೇ ಅಕ್ಷರಗಳು. ಒಳಗೆ ಮಾತ್ರ ಎಲ್ಲ ತಿರುಗುಮುರುಗು. ನಾವು ಅದನ್ನು ಉಲ್ಟಾ ಅನ್ನುತ್ತಿದ್ದೆವು.

ಉಲ್ಟಾ ಬಂದ ಮೇಲೆ ಅಕ್ಕನನ್ನು ಹಿಡಿಯುವವರಿರಲಿಲ್ಲ. ಮೀಸೆ ತಿರುವಿಕೊಂಡು ಬಂದಿದ್ದ ಗಂಡಸರೆಲ್ಲ ಅವಳು ಎಬ್ಬಿಸಿದ ಧೂಳು ಕುಡಿದು ಹೋದರು. ಮೈಕಿನಲ್ಲಿ ಕೂಗುತ್ತಿದ್ದವನು ಮಾತ್ರ, "ಇಗೋ ಬಂತು, ಗೇರ್ ಡಾಕ್ಟ್ರ ಕಾರು!" ಎನ್ನುತ್ತಿದ್ದ. ಓಟ ಮುಗಿದ ಮೇಲೆ ಜನ ಭಾವನ ಸುತ್ತ ಮುತ್ತಿಕೊಂಡು, ಈ ಬಾಕ್ಸು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದರು. ಅಕ್ಕ ಬಾನೆಟ್ಟಿನ ಮೇಲೆ ಕೂತು ಬಿಸಿ ಟೀ ಊದಿಕೊಳ್ಳುತ್ತಿದ್ದಳು. ಅವಳಿಗೆ ಆಗ ಅದರಲ್ಲಿ ಕೊರತೆಯೇನೂ ಕಂಡಿರಲಿಲ್ಲ. ಕಾಣಬೇಕಾಗಿದ್ದದ್ದು ನನಗೆ ಕಾಣುತ್ತಿತ್ತು, ಆದರೆ ಖುಷಿಯಾಗಿದ್ದವಳ ಮುಂದೆ ನಾನು ಏನೆಂದು ಚುಚ್ಚಲಿ?

ಆಮೇಲಿನದು ಎಲ್ಲರ ಮನೆಯ ಕಥೆಯೇ. ಮಗಳು ಹುಟ್ಟಿದಳು. ಸ್ವಂತ ಶೆಡ್ಡಿಗೆ ಕಾರು ಎತ್ತುವ ಲಿಫ್ಟು ಬೇಕಾಯಿತು, ಹಸಿರು ಕಾರು ಮಾರಿಹೋಯಿತು. ದೊಡ್ಡ ದೊಡ್ಡ ಕಾರಿನವರು ಬರತೊಡಗಿದರು. ಅವರಿಗೆ ತಮ್ಮ ಕಾರನ್ನು ಒಬ್ಬ ಹೆಂಗಸು ಬೀದಿಗೆ ತೆಗೆದುಕೊಂಡು ಹೋಗುವುದು ಸರಿಬೀಳಲಿಲ್ಲ. ಭಾವ ಅಕ್ಕನಿಗೆ, "ಸ್ವಲ್ಪ ದಿನ ಅಂಗಡಿ ನೋಡ್ಕೋ, ಆಮೇಲೆ ನೋಡೋಣ" ಅಂದರು. ಆ ಸ್ವಲ್ಪ ದಿನ ಮಗಳ ಮದುವೆಯವರೆಗೂ ಬಂತು, ಮದುವೆಯಾದ ಮೇಲೂ ಮುಗಿಯಲಿಲ್ಲ. ಅಕ್ಕ ಅಂಗಡಿಯ ಕಿಟಕಿಯ ಹತ್ತಿರ ನಟ್ಟು, ಬೋಲ್ಟು, ಆಯಿಲ್ ಸೀಲು ಮಾರುತ್ತಾ ಕೂತಳು. ಭಾವ ಕಾರು ತಿರುಗಿಸಿಕೊಂಡು ಅಂಗಳಕ್ಕೆ ಬಂದರೆ ಒಳಗಿನಿಂದಲೇ, "ಆಕಳಿಸ್ತಿದೆ ನೋಡಿ" ಎಂದು ಕೂಗುತ್ತಿದ್ದಳು. ಭಾವ ಗಿರಾಕಿಯ ಜೊತೆ ಮಾತು ಮುಂದುವರಿಸುತ್ತಿದ್ದರು. ಆದರೆ ಗಿರಾಕಿ ಅತ್ತ ಹೋದ ಮೇಲೆ ಆ ಕಾರು ಮತ್ತೆ ಲಿಫ್ಟಿನ ಮೇಲೆ ಏರಿರುತ್ತಿತ್ತು.

ಇಷ್ಟು ವರ್ಷ ಕಳೆದ ಮೇಲೆ ಹಸಿರು ಕಾರು ಒಂದು ದಿನ ಟೋಯಿಂಗ್ ಲಾರಿಯ ಮೇಲೆ ಕೂತು ನಮ್ಮ ಅಂಗಳಕ್ಕೇ ಬಂತು. ಹಳೆ ಕಾರುಗಳ ಹುಚ್ಚಿದ್ದ ಒಬ್ಬ ಕಟ್ಟಡ ಕಂಟ್ರಾಕ್ಟರು ಅದನ್ನು ಯಾರಿಂದಲೋ ಕೊಂಡಿದ್ದರು. ಬಣ್ಣ, ಗಾಜು, ಇಂಜಿನ್ನು ಎಲ್ಲ ಸರಿ ಮಾಡಿಸಿಯಾಗಿತ್ತು, ಹಳೆ ಕಾರುಗಳ ಪ್ರದರ್ಶನಕ್ಕೆ ಇಡುವ ತಯಾರಿ. ಅಲ್ಲಿ ಪ್ರತಿಯೊಂದು ಭಾಗವೂ ಕಂಪನಿ ಕೊಟ್ಟ ಹಾಗೇ ಇರಬೇಕಂತೆ. ಗೇರ್‌ಬಾಕ್ಸ್ ಒಂದೇ ಬಾಕಿ.

"ಯಾರೋ ತಲೆಕೆಟ್ಟವನು ಇದರ ಹೊಟ್ಟೆಯೊಳಗೆ ಕೈಯಾಡಿಸಿಬಿಟ್ಟಿದ್ದಾನೆ ಡಾಕ್ಟ್ರೇ," ಎಂದರು ಕಂಟ್ರಾಕ್ಟರು. "ಎಲ್ಲಾ ಹಿಂದುಮುಂದು. ಇದನ್ನ ಮೊದಲು ಹೇಗಿತ್ತೋ ಹಾಗೆ ಮಾಡೋದು ನಿಮ್ಮೊಬ್ಬರ ಕೈಲೇ ಆಗೋದು ಅಂತ ಎಲ್ಲರೂ ಹೇಳಿದ್ರು."

ನಾನು ನನ್ನ ಬಾಗಿಲಲ್ಲಿ ನಿಂತು ಭಾವನ ಮುಖವನ್ನೇ ನೋಡುತ್ತಿದ್ದೆ. ನಗುತ್ತಾ, ಆ ತಲೆಕೆಟ್ಟವನು ನಾನೇ ಸ್ವಾಮಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭಾವ ಹೆಗಲ ಮೇಲಿನ ಬಟ್ಟೆಯಿಂದ ಕೈ ಒರೆಸಿಕೊಂಡರು. "ಹೌದು ಸರ್, ಕೆಲವರು ಹೀಗೇ ಹಾಳು ಮಾಡಿಬಿಡ್ತಾರೆ. ಬಿಡಿ, ಸರಿ ಮಾಡೋಣ" ಅಂದರು. ಕಂಟ್ರಾಕ್ಟರ ಬಳಿ ಅಂಥ ಕಾರುಗಳು ಇನ್ನೂ ಹಲವಿದ್ದವು, ಅವೆಲ್ಲ ಇಲ್ಲಿಗೇ ಬರಲಿ ಎಂದು ಭಾವನಿಗೆ ಆಸೆ. ಅಂಗಡಿಯ ಕಿಟಕಿಯೊಳಗೆ ಅಕ್ಕ ಎದ್ದು ನಿಂತಿದ್ದಳು. ಅವಳಿಗೆ ಕಾರು ಕಂಡಿತ್ತು, ಮಾತೂ ಕೇಳಿತ್ತು.

ಕಂಟ್ರಾಕ್ಟರು ಹೋದ ಮೇಲೆ ಅವಳು ಇಳಿದು ಬಂದು ಕಾರಿನ ಬಾಗಿಲು ತೆಗೆದು ಕೂತಳು. ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಕೋಲಿನ ಮೇಲೆ ಕೈಯಿಟ್ಟು, ಇಂಜಿನ್ ಶುರು ಮಾಡದೆಯೇ, ಒಂದು, ಎರಡು, ಮೂರು ಎಂದು ತನ್ನ ಕಡೆಗೆ ಎಳೆದುಕೊಂಡಳು.

ಆ ಸಂಜೆ ಊಟದ ಹೊತ್ತಿಗೆ ಅವಳು ಭಾವನನ್ನು ಒಂದೇ ಒಂದು ಮಾತು ಕೇಳಿದಳು.

"ಬಿಚ್ಚೋ ಮುಂಚೆ ನಾನು ಒಂದ್ಸಲ ಓಡಿಸ್ತೀನ್ರೀ. ಆಮೇಲೆ ಏನು ಬೇಕಾದ್ರೂ ಮಾಡ್ಕೊಳಿ."

"ಆಯ್ತು ಮಾರಾಯ್ತಿ. ಒಂದ್ಸಲ ಏನು, ಎರಡ್ಸಲ ಓಡಿಸು."

"ತಮಾಷೆ ಬೇಡ. ಮಾತು ಕೊಡಿ."

"ಕೊಟ್ಟೆ ಅಂದ್ನಲ್ಲ. ನಿನ್ನ ತಮ್ಮನೇ ಸಾಕ್ಷಿ, ಸಾಕಾ?"

ನಾನು ಸಾಕ್ಷಿಯಾದೆ. ಮರುದಿನವೇ ಅಕ್ಕ ನನ್ನ ಶೆಡ್ಡಿಗೆ ಬಂದು, "ಬೆನ್ನಿಗೊಂದು ದಿಂಬು ಹೊಲಿದುಕೊಡೋ, ವಯಸ್ಸಾಗಿ ಇನ್ನೂ ಕುಳ್ಳಿ ಆಗಿದೀನಿ" ಅಂದಳು. ಗಟ್ಟಿ ಸ್ಪಂಜು ಹಾಕಿ, ಮೇಲೆ ಹಸಿರು ರೆಕ್ಸಿನ್ ಹೊದಿಸಿ ಹೊಲಿದುಕೊಟ್ಟೆ. ತೆಳು ಅಟ್ಟೆಯ ಬೂಟನ್ನು ಅಟ್ಟದಿಂದ ಇಳಿಸಿ ತಂದು ಒರೆಸಿಟ್ಟಳು. ಪೆಡಲು ಕಾಲಿಗೆ ತಿಳಿಯಬೇಕಾದರೆ ಅಟ್ಟೆ ತೆಳುವಿರಬೇಕಂತೆ. ಮದುವೆಗೆ ಹೊರಟ ಹುಡುಗಿಯ ಹಾಗೆ ಆಡ್ತಿದೀಯ ಎಂದು ರೇಗಿಸಿದೆ. ಸ್ಪ್ಯಾನರಿನಿಂದ ತಲೆಗೆ ಮೊಟಕಿದಳು.

ಅಷ್ಟರಲ್ಲಿ ಮಗಳ ಮನೆಯಿಂದ ಫೋನು, ಮೊಮ್ಮಗುವಿಗೆ ಜ್ವರ ಬಿಡುತ್ತಿಲ್ಲವೆಂದು. ಅಕ್ಕ ಹೊರಟಳು. ನಾನೂ ಬಸ್ ಡಿಪೋದಲ್ಲಿ ಹೊಸ ಸೀಟು ಕೂರಿಸುವ ಕೆಲಸ ಹಿಡಿದು ದಿನವಿಡೀ ಅಲ್ಲೇ ಇರುತ್ತಿದ್ದೆ. ಆ ದಿನಗಳಲ್ಲಿ ಕಂಟ್ರಾಕ್ಟರು ಅವಸರ ಮಾಡಿದರಂತೆ, ಪ್ರದರ್ಶನ ಹತ್ತಿರ ಬಂತು ಎಂದರಂತೆ. ಭಾವ ಶೆಡ್ಡಿನ ಬಾಗಿಲು ಎಳೆದುಕೊಂಡು ಬಾಕ್ಸನ್ನು ಇಳಿಸಿ ಬಿಚ್ಚಿದರು. ತಾವೇ ಒಂದು ಚಳಿಗಾಲ ಕೂತು ಕೊರೆದ ಗಟ್ಟಿಯನ್ನು ಕಿತ್ತು, ಎಲ್ಲಿಂದಲೋ ತರಿಸಿದ ಕಂಪನಿಯ ಗಟ್ಟಿ ಕೂರಿಸಿ, ಬಾಕ್ಸನ್ನು ಮತ್ತೆ ಏರಿಸಿ, ಕೆಳಗೆ ಚೆಲ್ಲಿದ್ದ ಆಯಿಲನ್ನೂ ಮರದ ಹೊಟ್ಟು ಹಾಕಿ ಗುಡಿಸಿಬಿಟ್ಟರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅಕ್ಕ ಬಂದಾಗ ಕಾರು ಅವಳು ಬಿಟ್ಟುಹೋದ ಜಾಗದಲ್ಲೇ ನಿಂತಿತ್ತು. ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ನೇರ ಶೆಡ್ಡಿಗೆ ಹೋದಳು.

"ಇನ್ನೂ ಬಿಚ್ಚಿಲ್ಲ ತಾನೇ?"

ಭಾವ ಅವಳ ಮುಖ ನೋಡಲಿಲ್ಲ, ಸ್ಕ್ರೂಗಳನ್ನು ಆರಿಸುತ್ತಿದ್ದರು. "ನೀನು ಓಡಿಸ್ಬೇಕಿತ್ತಲ್ಲ. ಕೀಲಿ ಅಲ್ಲೇ ಇದೆ, ಬೆಳಿಗ್ಗೆ ತಗೊಂಡು ಹೋಗು." ಇನ್ನೊಂದು ಸ್ಕ್ರೂ ಎತ್ತಿಕೊಂಡು, "ನಿಧಾನ ಹೋಗು. ಮೂರನೇದು ಹಾಕೋಕೆ ಹೋಗ್ಬೇಡ, ಟೈರು ಹಳೇವು" ಎಂದರು.

ಟೈರು ಹೊಸವು. ಕಂಟ್ರಾಕ್ಟರು ಹಾಕಿಸಿದ್ದ ಟೈರುಗಳ ಮೇಲಿನ ರಬ್ಬರ್ ಕೂದಲು ಕೂಡ ಸವೆದಿರಲಿಲ್ಲ. ಅಕ್ಕ ಅದನ್ನು ಅಲ್ಲೇ ನೋಡಬಹುದಿತ್ತು. ಅವಳ ಕಣ್ಣು ಕೀಲಿಯ ಮೇಲಿತ್ತು.

ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಹೊರಟಳು. ಗೋದಾಮುಗಳ ಹಿಂದೆ ಅಗಲವಾದ ಹೊಸ ರಸ್ತೆ, ಲಾರಿಗಳು ಇನ್ನೂ ಬಂದಿರಲಿಲ್ಲ. ದಿಂಬು ಬೆನ್ನಿಗಿಟ್ಟು, ಗದ್ದ ಎತ್ತಿ, ಒಂದನೆಯ ಗೇರಿಗೆಂದು ಕೋಲನ್ನು ನ್ಯೂಟ್ರಲ್ಲಿನಿಂದ ಒಂದು ಮನೆ ಎಳೆದಳು. ಕಾರು ಹೊರಟಿತು. ಹಳೆಯ ಅಭ್ಯಾಸದ ಹಾಗೆ ಇಂಜಿನ್ ಏರಲು ಬಿಟ್ಟು, ಸರಿಯಾದ ಗಳಿಗೆಗೆ ಇನ್ನೊಂದು ಮನೆ ಎಳೆದಳು. ಎರಡು ಬಿತ್ತು. ಕಂಪನಿಯ ಗಟ್ಟಿಯಲ್ಲೂ ಆ ಜಾಗದಲ್ಲಿ ಎರಡೇ ಇರುವುದು, ಡಿಯಲ್ಲಿಟ್ಟು ಹೊರಡುವಾಗಲೂ ಒಂದೇ ಬೀಳುವುದು. ಅಲ್ಲಿಯವರೆಗೆ ಉಲ್ಟಾಕ್ಕೂ ಕಂಪನಿಯದಕ್ಕೂ ವ್ಯತ್ಯಾಸವಿಲ್ಲ. ಮೋಸ ಇದ್ದದ್ದು ಮೂರನೆಯ ಮನೆಯಲ್ಲಿ.

"ಏನೋ ಮೆತ್ತಗಾಗಿದೆ ಕಣೋ," ಅಂದಳು. "ಮುಂಚೆ ಎರಡು ಬಿದ್ರೆ ಕಚ್ಚಿದ ಹಾಗಿರ್ತಿತ್ತು."

"ಅದಕ್ಕೂ ವಯಸ್ಸಾಯ್ತು ಬಿಡು. ನಿನ್ನ ಹಾಗೇ."

ಅಕ್ಕ ನಕ್ಕಳು. ಎಷ್ಟೋ ಕಾಲದ ಮೇಲೆ ಅವಳು ಹಲ್ಲು ಬಿಟ್ಟು ನಕ್ಕದ್ದನ್ನು ನೋಡಿದೆ. ರಸ್ತೆ ಮುಂದೆ ಖಾಲಿ ಇತ್ತು. ಬುದ್ಧಿ ಹೇಳಿದ ಗಂಡ ಶೆಡ್ಡಿನಲ್ಲಿದ್ದ, ಅವಳ ಕೈ ಹಳೆಯ ಓಟದ ಗುಡ್ಡದ ಮೇಲಿತ್ತು. ಕೋಲನ್ನು ಪೂರ್ತಿ ತನ್ನ ಕಡೆಗೆ ಎಳೆದುಕೊಂಡಳು.

ಅಲ್ಲಿ ಈಗ ಮೂರು ಇರಲಿಲ್ಲ, ಒಂದು ಇತ್ತು. ಅಷ್ಟು ವೇಗದಲ್ಲಿ ಒಂದನೆಯ ಗೇರು ಬಿದ್ದರೆ ಏನಾಗಬೇಕೋ ಅದೇ ಆಯಿತು. ಇಂಜಿನ್ ಗಂಟಲು ಹರಿಯುವ ಹಾಗೆ ಕಿರುಚಿತು, ಬಾಕ್ಸಿನಲ್ಲಿ ಏನೋ ಪಟ್ಟೆಂದು ಮುರಿಯಿತು, ಹಿಂದಿನ ಚಕ್ರಗಳು ಕಚ್ಚಿಕೊಂಡು ಕಾರು ಗರ್ರನೆ ತಿರುಗಿತು. ಆಕಾಶ, ಗೋದಾಮು, ಮತ್ತೆ ಆಕಾಶ. ಅಕ್ಕ ಸ್ಟಿಯರಿಂಗನ್ನು ಎತ್ತ ತಿರುಗಿಸಬೇಕೋ ಅತ್ತ ತಿರುಗಿಸಿ ಹಿಡಿದಳು. ಅವಳ ಜಾಗದಲ್ಲಿ ಬೇರೆಯವರು ಇದ್ದಿದ್ದರೆ ನಾನು ಇದನ್ನು ಹೇಳಲು ಇರುತ್ತಿರಲಿಲ್ಲ. ಕಾರಿನ ಹಿಂಭಾಗ ರಸ್ತೆಬದಿಯ ಗಿಡ್ಡ ಗೋಡೆಗೆ ಒರಗಿ ಬಂಪರು ಮುರುಟಿತು, ಅಲ್ಲಿಗೆ ನಿಂತಿತು.

ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಯಾರನ್ನು ಎಂದು ನನಗೇ ಗೊತ್ತಿರಲಿಲ್ಲ. ಅಕ್ಕ ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿದುಕೊಂಡು ಕೋಲನ್ನೇ ನೋಡುತ್ತಿದ್ದಳು.

"ಒಂದು ಬಿತ್ತು," ಎಂದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಯಾವಾಗ ಬಿಚ್ಚಿದ್ರೋ?"

ಟೋಯಿಂಗ್ ಲಾರಿಯಲ್ಲಿ ಕಾರನ್ನು ವಾಪಸು ತಂದೆವು. ಭಾವ ಓಡಿ ಬಂದರು. ಮೊದಲು ಅಕ್ಕನ ಕೈ ನೋಡಿದರು ಎನ್ನಬೇಕು, ಅಷ್ಟು ನ್ಯಾಯ ಇರಲಿ. ಉಳುಕಿದೆ, ಮುರಿದಿಲ್ಲ ಎಂದು ಖಾತ್ರಿಯಾದ ಮೇಲೆ ಕಾರಿನ ಕೆಳಗೆ ಬಗ್ಗಿದರು.

"ಹೇಳಿದ್ರೆ ನಾನು ಓಡಿಸ್ತಾನೇ ಇರ್ಲಿಲ್ಲ," ಎಂದಳು ಅಕ್ಕ.

"ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಕಣೇ. ಒಂದು ಸುತ್ತು ಹೋಗಿ ಬಂದ್ರೆ ಖುಷಿ ಪಡ್ತೀಯ ಅಂದ್ಕೊಂಡೆ. ಮೂರನೇದು ಬೇಡ ಅಂತ ಹೇಳಿದ್ದೆ."

"ಮೂರನೇದು ಹಾಕದೆ ಇದ್ರೆ ನನಗೆ ಗೊತ್ತೇ ಆಗಲ್ಲ ಅಂದ್ಕೊಂಡ್ರಾ?"

ಭಾವ ಕಾರಿನ ಕೆಳಗಿನಿಂದ ಏಳಲಿಲ್ಲ. ಅಕ್ಕನಿಗೆ ಉರಿದದ್ದು ಸುಳ್ಳಿಗಲ್ಲ. ಇಷ್ಟು ವರ್ಷ ಯಾವ ಕಿವಿಯನ್ನು ನಂಬಿ ಅನ್ನ ಸಂಪಾದಿಸಿದರೋ ಆ ಕಿವಿಗೇ ಮಂಕುಬೂದಿ ಎರಚಬಹುದೆಂದು ಎಣಿಸಿದ್ದರಲ್ಲ, ಅದಕ್ಕೆ. ನನಗಾದರೆ ಸ್ಪ್ಯಾನರು ಎತ್ತಿಕೊಳ್ಳುವಷ್ಟು ಸಿಟ್ಟು ಬಂದಿತ್ತು. ಅಕ್ಕ ದನಿ ಎತ್ತಲಿಲ್ಲ.

"ಆಗಿದ್ದಾಯ್ತು," ಅಂದಳು. "ಕಂಟ್ರಾಕ್ಟರು ಬಂದಾಗ ನಿಜ ಹೇಳಿ. ಆ ಉಲ್ಟಾ ಮಾಡಿದ್ದು ನೀವು, ನನಗೋಸ್ಕರ ಮಾಡಿದ್ದು, ನನ್ನ ಕೈಗೆ ಅದೇ ಗೊತ್ತಿದ್ದದ್ದು ಅಂತ. ನನಗೆ ಬೇರೆ ಏನೂ ಬೇಡ. ಇಷ್ಟು ಹೇಳಿಬಿಡಿ."

"ಹೇಳ್ತೀನಿ."

"ಹೇಳ್ತೀರಾ?"

"ಹೇಳ್ತೀನಿ ಅಂದ್ನಲ್ಲ."

ಮುರಿದ ಭಾಗ ತರಿಸಿ ಭಾವ ಬಾಕ್ಸನ್ನು ಮತ್ತೆ ಎಬ್ಬಿಸಿದರು. ಆ ದಿನಗಳಲ್ಲಿ ಅವರು ಅಕ್ಕನಿಗೆ ತುಂಬ ಉಪಚಾರ ಮಾಡಿದರು. ಮಣಿಕಟ್ಟಿಗೆ ತಾವೇ ಮುಲಾಮು ಹಚ್ಚಿದರು, ಪಾತ್ರೆ ತೊಳೆದರು. ಅಕ್ಕನ ಮುಖ ಸ್ವಲ್ಪ ಸಡಿಲವಾಯಿತು. "ನಿಮ್ಮ ಭಾವ ಕೆಟ್ಟವರಲ್ಲ ಕಣೋ, ಪುಕ್ಕಲು ಅಷ್ಟೇ" ಅಂದಳು. ಎರಡಕ್ಕೂ ಅಂಥ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ. ಕಂಟ್ರಾಕ್ಟರು ಬರುವ ದಿನ ಅಕ್ಕ ಅಂಗಡಿಯ ಕಿಟಕಿ ಬಿಟ್ಟು ಬಂದು ಶೆಡ್ಡಿನೊಳಗೇ, ಲಿಫ್ಟಿನ ಕಂಬದ ಪಕ್ಕ ನಿಂತಳು. ತಲೆ ಬಾಚಿಕೊಂಡು, ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದಳು.

ಕಂಟ್ರಾಕ್ಟರು ಕಾರಿನ ಸುತ್ತ ಒಂದು ಸುತ್ತು ಬಂದವರೇ ನಿಂತರು. "ಹಿಂದಿನ ಬಂಪರು ಎಲ್ಲಿ ಡಾಕ್ಟ್ರೇ?"

"ತಗಡು ಕೆಲಸದವರ ಹತ್ರ ಇದೆ ಸರ್. ಸ್ವಲ್ಪ ಸೊಟ್ಟಗಾಗಿತ್ತು, ನಾಳೆ ಬಂದುಬಿಡುತ್ತೆ."

"ಸೊಟ್ಟ ಹೇಗಾಯ್ತು? ಯಾರು ಓಡಿಸಿದ್ರು?"

ಭಾವ ಒಮ್ಮೆ ಅಕ್ಕನನ್ನು ನೋಡಿದರು, ಒಮ್ಮೆ ಕಾರನ್ನು. ಹೇಳಬೇಕಾಗಿದ್ದ ಮಾತು ಉದ್ದದ್ದೇನಲ್ಲ. ಆದರೆ ಅದನ್ನು ಹೇಳಿದರೆ, ಆ ತಲೆಕೆಟ್ಟವನು ನಾನೇ ಎಂದೂ ಹೇಳಬೇಕು, ಅವತ್ತು ಬೇರೆ ಯಾರೋ ಮಾಡಿದ್ದೆಂಬಂತೆ ತೇಲಿಸಿದ್ದೂ ನಾನೇ ಎನ್ನಬೇಕು, ಬಾಕ್ಸು ಬದಲಾಯಿಸಿ ಹೆಂಡತಿಯಿಂದ ಮುಚ್ಚಿಟ್ಟೆ ಎನ್ನಬೇಕು.

"ನನ್ನ ಹೆಂಡತಿ ಸರ್," ಎಂದರು. "ನಾನಿಲ್ಲದಾಗ ಆಸೆಪಟ್ಟು ಕೀಲಿ ತಗೊಂಡುಬಿಟ್ಟಿದ್ದಾಳೆ. ಅವಳಿಗೆ ಡ್ರೈವಿಂಗ್ ಅಷ್ಟು ಬರಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡಿದಳು. ಬೇಡ ಎಂಬ ಆ ನೋಟವನ್ನು ಚಿಕ್ಕಂದಿನಿಂದ ಬಲ್ಲೆ, ಅದನ್ನು ದಾಟಿ ನನಗೆ ಒಂದು ಅಕ್ಷರವನ್ನೂ ಆಡಲಾಗಲಿಲ್ಲ. ಅವಳಿಗೆ ಬೇಕಾಗಿದ್ದ ಮಾತು ಬರಬೇಕಾಗಿದ್ದದ್ದು ನನ್ನ ಬಾಯಿಂದಲ್ಲ.

ಕಂಟ್ರಾಕ್ಟರು ಕೂಗಾಡುತ್ತಾರೆಂದುಕೊಂಡೆ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಅವರು ನಕ್ಕುಬಿಟ್ಟರು. ದೊಡ್ಡ ಮನಸ್ಸಿನ ಮನುಷ್ಯ, ಪಾಪ. "ಅಯ್ಯೋ, ಅದಕ್ಕೇನು ಬಿಡಿ! ನಮ್ಮ ಮನೆಯವಳೂ ಗೇಟಿಗೆ ಗುದ್ದಿದ್ದಾಳೆ. ಏಟೇನೂ ಆಗಲಿಲ್ಲ ತಾನೇ ಅಮ್ಮ?" ಎಂದು ಅಕ್ಕನನ್ನು ಕೇಳಿದರು. ಅಷ್ಟಕ್ಕೇ ಬಿಡದೆ ಕಾರಿನ ಬಾಗಿಲು ತೆಗೆದು ಹಿಡಿದು, "ಬನ್ನಿ, ಕೂತ್ಕೊಳಿ. ಆಟೋಮ್ಯಾಟಿಕ್ ಅಂದ್ರೆ ತುಂಬ ಸುಲಭ. ನಾನು ತೋರಿಸ್ತೀನಿ" ಅಂದರು.

ಅಕ್ಕ ಭಾವನ ಕಡೆ ತಿರುಗಿದಳು. ಆಗಲೂ ಹೊತ್ತು ಮೀರಿರಲಿಲ್ಲ. ಭಾವ ನೆಲ ನೋಡುತ್ತಾ ಕೈ ಒರೆಸಿಕೊಳ್ಳುತ್ತಿದ್ದರು, ಒರೆಸಲು ಕೈಯಲ್ಲಿ ಕೊಳೆಯೇ ಇರಲಿಲ್ಲ. ಅಕ್ಕ ಹೋಗಿ ಕೂತಳು. ಸೀಟನ್ನು ಮುಂದಕ್ಕೆ ಎಳೆದುಕೊಳ್ಳಲಿಲ್ಲ. ಕಾಲು ಪೆಡಲಿಗೆ ಎಟಕುತ್ತಿರಲಿಲ್ಲ.

"ನೋಡಿ ಅಮ್ಮ, ಇದು ಪಿ, ಅಂದ್ರೆ ನಿಲ್ಲಿಸೋಕೆ. ಇದು ಆರ್, ಹಿಂದಕ್ಕೆ ಹೋಗೋಕೆ. ಇದು ಎನ್, ಇದರಲ್ಲಿ ಏನೂ ಇಲ್ಲ. ಇದು ಡಿ. ಇಲ್ಲಿಗೆ ಹಾಕಿ ಬಿಟ್ಟರೆ ಮುಗೀತು, ಮಿಕ್ಕಿದ್ದೆಲ್ಲ ಅದೇ ನೋಡ್ಕೊಳುತ್ತೆ. ಇನ್ನೂ ಕೆಳಗಿರೋದಕ್ಕೆ ನೀವು ಹೋಗಲೇಬೇಡಿ. ಈ ಕೋಲನ್ನ ಯಾವತ್ತೂ ನಿಮ್ಮ ಕಡೆಗೆ ಎಳ್ಕೊಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು ಸರ್," ಎಂದಳು ಅಕ್ಕ.

"ಎಲ್ಲಿ, ಒಂದ್ಸಲ ಹಾಕಿ ತೋರಿಸಿ ನೋಡೋಣ."

ಅಕ್ಕ ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ಕೋಲಿನ ಮೇಲಿಟ್ಟಳು. ಪಕ್ಕದ ಪಟ್ಟಿಯ ಮೇಲಿನ ಅಕ್ಷರಗಳನ್ನು, ಹೊಸದಾಗಿ ಕಲಿಯುವವರ ಹಾಗೆ, ಒಂದೊಂದಾಗಿ ಬಗ್ಗಿ ನೋಡುತ್ತಾ ಡಿ ವರೆಗೆ ತಂದು ನಿಲ್ಲಿಸಿದಳು. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಭೇಷ್!" ಎಂದರು ಕಂಟ್ರಾಕ್ಟರು, ಭಾವನ ಕಡೆ ತಿರುಗಿ. "ಕಲೀತಾರೆ ಡಾಕ್ಟ್ರೇ, ನಿಧಾನವಾಗಿ ಕಲೀತಾರೆ."

ಭಾವ ಹೌದೆಂದು ತಲೆಯಾಡಿಸಿದರು.